ಕತ್ತಲೆಯ ಯುದ್ಧಕ್ಕೆ ನಾಂದಿ ಹಾಡಿದವರು

2015ರ ಡಿಸೆಂಬರ್ 23ರಂದು ಪಶ್ಚಿಮ ಉಕ್ರೇನಿನ ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರ ಮನೆಗಳಲ್ಲಿ ದೀಪ ಆರಿತು. ಬಾಂಬು ಬಿದ್ದಿರಲಿಲ್ಲ, ತಂತಿ ತುಂಡಾಗಿರಲಿಲ್ಲ. ವಿದ್ಯುತ್ ಕಂಪೆನಿಯ ಸಿಬ್ಬಂದಿ ನೋಡನೋಡುತ್ತಿದ್ದಂತೆಯೇ ಅಗೋಚರ ಕೈಯೊಂದು ಉಪಕೇಂದ್ರಗಳನ್ನು ಒಂದೊಂದಾಗಿ ಸ್ಥಗಿತಗೊಳಿಸಿತ್ತು. ಪಾಶ್ಚಾತ್ಯ ಜಗತ್ತು ರಶ್ಯದತ್ತ ಬೆರಳು ತೋರಿಸಿತು. ಬೆರಳು ತೋರಿಸಿದ್ದು ಸರಿಯೇ. ಆದರೆ ಈ ಯುದ್ಧಕ್ಕೆ ನಾಂದಿ ಹಾಡಿದವರು ಯಾರು?

ಇರಾನಿನ ನತಾಂಝ್‌ನಲ್ಲಿ ಸುಮಾರು ಒಂದು ಸಾವಿರ ಸೆಂಟ್ರಿಫ್ಯೂಜ್‌ಗಳನ್ನು ಹಾಳುಗೆಡವಿತೆಂದು ಅಂದಾಜಿಸಲಾದ ಸ್ಟಕ್ಸ್‌ನೆಟ್ 2010ರಲ್ಲಿ ಬಯಲಾಯಿತು. ಅದು ಅಮೆರಿಕ ಮತ್ತು ಇಸ್ರೇಲಿನ ಜಂಟಿ ಸೃಷ್ಟಿಯೆಂದು 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸೌದಿಯ ಅರಾಮ್ಕೊ ಕಂಪೆನಿಯ ಸುಮಾರು 30,000 ಕಂಪ್ಯೂಟರ್‌ಗಳ ಮಾಹಿತಿ ಅಳಿಸಿಹೋಯಿತು. ಈ ಬಾರಿ ಅಮೆರಿಕದ ಅಧಿಕಾರಿಗಳು ಇರಾನನ್ನು ದೂರಿದರು. ನೆರೆಮನೆಗೆ ಬಿಟ್ಟ ಹಾವು ಬೀದಿಗಿಳಿದಾಗ ಬೊಬ್ಬಿಡುವವರಿಗೆ ನೈತಿಕತೆಯ ಪಾಠ ಹೇಳುವ ಅರ್ಹತೆ ಎಲ್ಲಿಂದ ಬಂತು? ಅಂದ ಹಾಗೆ, ಸ್ಟಕ್ಸ್‌ನೆಟ್ ಅತಿ ಹೆಚ್ಚು ಹರಡಿದ ದೇಶಗಳಲ್ಲಿ ಇರಾನ್ ಮತ್ತು ಇಂಡೋನೇಷ್ಯಗಳ ನಂತರದ ಸ್ಥಾನ ಭಾರತದ್ದಾಗಿತ್ತು. ನಮಗೂ ಆ ಜಗಳಕ್ಕೂ ಏನು ಸಂಬಂಧವಿತ್ತು?

ಇನ್ನು ನಮ್ಮ ಆಡಳಿತಗಾರರ ವಿಷಯ. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಸ್ಥಾವರವು, ಸೈಬರ್ ದಾಳಿಯ ಸುದ್ದಿ ಸುಳ್ಳು, ನಿಯಂತ್ರಣ ವ್ಯವಸ್ಥೆಯ ಮೇಲೆ ಅಂತಹ ದಾಳಿ ಸಾಧ್ಯವೇ ಇಲ್ಲ ಎಂದು ಸಾರಿತು. ಮರುದಿನವೇ ಪರಮಾಣು ವಿದ್ಯುತ್ ನಿಗಮವು ತನ್ನ ಆಡಳಿತಾತ್ಮಕ ಜಾಲದ ಕಂಪ್ಯೂಟರೊಂದಕ್ಕೆ ಕುತಂತ್ರಾಂಶ ನುಗ್ಗಿದ್ದನ್ನು ಒಪ್ಪಿಕೊಂಡಿತು. ಸ್ಥಾವರದ ವ್ಯವಸ್ಥೆಗೆ ಧಕ್ಕೆಯಾಗಿಲ್ಲ ಎಂದೂ ಹೇಳಿತು. ಇರಲಿ. ಆದರೆ ನಿಗಮದ ಹೇಳಿಕೆಯ ಪ್ರಕಾರವೇ ಸಂಗತಿ ಗಮನಕ್ಕೆ ಬಂದದ್ದು ಸೆಪ್ಟೆಂಬರ್ 4ರಂದು! ಸುಮಾರು ಎಂಟು ವಾರಗಳ ಮೌನ, ಬಳಿಕ ನಿರಾಕರಣೆ, ಆ ಬಳಿಕ ಒಪ್ಪಿಗೆ.

2020ರ ಅಕ್ಟೋಬರ್ 12ರಂದು ಮುಂಬೈಯಲ್ಲಿ ವಿದ್ಯುತ್ ಕಡಿತಗೊಂಡು ಲೋಕಲ್ ರೈಲುಗಳು ನಿಂತುಹೋದವು. ಗಲ್ವಾನ್ ಘರ್ಷಣೆ ನಡೆದು ನಾಲ್ಕು ತಿಂಗಳಾಗಿತ್ತು. ಮಹಾರಾಷ್ಟ್ರದ ಗೃಹ ಸಚಿವ ಅನಿಲ್ ದೇಶ್‌ಮುಖ್ ಸೈಬರ್ ಕೃತ್ಯದ ಶಂಕೆ ವ್ಯಕ್ತಪಡಿಸಿದರು. ಕೇಂದ್ರ ಇಂಧನ ಸಚಿವ ಆರ್.ಕೆ. ಸಿಂಗ್, ಅದು ಮಾನವ ಪ್ರಮಾದ ಎಂದರು. ಪಕ್ಷದ ಬಾವುಟ ನೋಡಿ ಸತ್ಯ ಬದಲಾಗುವುದುಂಟೇ? ಕತ್ತಲಲ್ಲಿ ಕುಳಿತ ಪ್ರಜೆ ಯಾರನ್ನು ನಂಬಬೇಕು?

ನಮ್ಮ ಕೈಗಾ ಸ್ಥಾವರವನ್ನು ನಡೆಸುತ್ತಿರುವುದೂ ಅದೇ ಪರಮಾಣು ವಿದ್ಯುತ್ ನಿಗಮ. ಅಲ್ಲಿ ನಾಳೆ ಇಂತಹದೇ ನುಸುಳುವಿಕೆ ಪತ್ತೆಯಾದರೆ, ಉತ್ತರ ಕನ್ನಡದ ಜನತೆಗೆ ಅದು ತಿಳಿಯುವುದು ಎಷ್ಟು ವಾರಗಳ ಬಳಿಕ ಎಂದು ನಿಗಮವು ಈಗಲೇ ಹೇಳಲಿ.