ಕಾಳುವಿನ ಪಾದ, ನನ್ನ ಚಪ್ಪಲಿ

ಕಳೆದ ವಾರ ಮಣಿಪಾಲದಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಹೊಸದಾಗಿ ನಾಯಿಮರಿಯೊಂದನ್ನು ಸಾಕಿದ್ದಾನಂತೆ. "ಸರ್, ನಾಯಿಗೆ ಹಾಕುವ ಶೂ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಲೇ? ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ" ಎಂದ. ಫೋನಿನಲ್ಲಿ ಎರಡು ಮಾತು ಹೇಳಿದೆನಾದರೂ ಅದು ನನಗೇ ಸಮಾಧಾನವಾಗಲಿಲ್ಲ. ಈ ವಿಷಯದಲ್ಲಿ ನಾನೂ ಒಮ್ಮೆ ನಕ್ಕವನೇ. ಆಮೇಲೆ ತಲೆ ತಗ್ಗಿಸಿದವನೂ ಹೌದು. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಿವೃತ್ತನಾದ ಮರುವರ್ಷ, ಅಂದರೆ 2018ರ ಜನವರಿಯಲ್ಲಿ, ಮಗಳ ಮನೆಗೆಂದು ಕೆನಡಾಕ್ಕೆ ಹೋಗಿದ್ದೆ. ಟೊರೊಂಟೊ ನಗರದ ಪಕ್ಕದ ಮಿಸ್ಸಿಸಾಗದಲ್ಲಿ ಅವರ ವಾಸ. ಆ ಮನೆಯಲ್ಲೊಂದು ಲ್ಯಾಬ್ರಡಾರ್ ನಾಯಿ, ಹೆಸರು ಕೋಕೋ. ಮೊದಲ ದಿನ ಬೆಳಿಗ್ಗೆ ನನ್ನ ಮೊಮ್ಮಗಳು ಬಾಗಿಲ ಬಳಿ ಕುಳಿತು ಅದರ ನಾಲ್ಕು ಕಾಲಿಗೂ ಪುಟ್ಟ ಶೂ ತೊಡಿಸುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. "ನಿನ್ನ ಅಜ್ಜ ಏಳನೆಯ ತರಗತಿ ಮುಗಿಸುವವರೆಗೆ ಚಪ್ಪಲಿ ಕಂಡವನಲ್ಲ ಮಗಾ" ಎಂದೆ. ಆಕೆ ತಲೆ ಎತ್ತದೆಯೇ, "ಅಜ್ಜ, ನಿಮ್ಮ ಊರಿನ ರಸ್ತೆಗೆ ಉಪ್ಪು ಹಾಕುತ್ತಾರಾ?" ಎಂದು ಕೇಳಿದಳು. ಮಾಷ್ಟ್ರ ಬಾಯಿ ಅಲ್ಲಿಗೆ ಬಂದ್ ಆಯಿತು.

ನನ್ನಲ್ಲಿ ವಿಜ್ಞಾನ ಕಲಿತವರಿಗೆ ಒಂಬತ್ತನೆಯ ತರಗತಿಯ ಒಂದು ಪ್ರಯೋಗ ನೆನಪಿರಬಹುದು. ಮಂಜುಗಡ್ಡೆಯ ಚೂರುಗಳಿಗೆ ಉಪ್ಪು ಬೆರೆಸಿ ಥರ್ಮಾಮೀಟರ್ ಇಟ್ಟರೆ ಪಾದರಸವು ಸೊನ್ನೆಯಿಂದಲೂ ಕೆಳಗಿಳಿಯುತ್ತಿತ್ತು. ಹಿಂದೆ ಮದುವೆ ಮನೆಗಳಲ್ಲಿ ಮರದ ಬಕೆಟಿನಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡುತ್ತಿದ್ದುದೂ ಇದೇ ಸೂತ್ರದಿಂದ. ಉಪ್ಪು ನೀರಿನ ಘನೀಭವನ ಬಿಂದುವನ್ನು ತಗ್ಗಿಸುತ್ತದೆ. ಆದ್ದರಿಂದಲೇ ಶೀತ ದೇಶಗಳಲ್ಲಿ ರಸ್ತೆಯ ಮೇಲೆ ಉಪ್ಪನ್ನು ಚೆಲ್ಲಿ ಮಂಜುಗಡ್ಡೆಯನ್ನು ಕರಗಿಸುತ್ತಾರೆ. ಚಳಿ ಬಹಳ ಹೆಚ್ಚಾದಾಗ ಅಡುಗೆ ಉಪ್ಪಿನ ಜಾತಿಯದು ಸಾಲದು, ಕ್ಯಾಲ್ಸಿಯಂ ಕ್ಲೋರೈಡನ್ನು ಬಳಸುತ್ತಾರೆ. ಆ ಹರಳುಗಳು ನಾಯಿಯ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು ಚರ್ಮವನ್ನು ಒಣಗಿಸಿ ಬಿರಿಯಿಸುತ್ತವೆ. ಬಿರುಕಿಗೆ ಮತ್ತೆ ಉಪ್ಪು! ಉರಿ ತಾಳಲಾರದೆ ನಾಯಿ ನೆಕ್ಕುತ್ತದೆ, ನೆಕ್ಕಿದ್ದು ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಬೆರಳುಗಳ ನಡುವಣ ಕೂದಲಿಗೆ ಹಿಮ ಅಂಟಿ ಗೋಲಿಯಂತೆ ಗಟ್ಟಿಯಾಗಿ, ನಮ್ಮ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ ಹಾಗೆ ಚುಚ್ಚುವುದೂ ಉಂಟು. ಅದಕ್ಕಾಗಿ ಆ ಕೂದಲನ್ನು ಸಣ್ಣಗೆ ಕತ್ತರಿಸಿಡುತ್ತಾರೆ. ಶೂ ಒಲ್ಲದ ನಾಯಿಗೆ ಹೊರಡುವ ಮೊದಲು ಅಂಗಾಲಿಗೆ ಮೇಣ ಸವರುತ್ತಾರೆ. ಮರಳಿ ಬಂದೊಡನೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು ಒರೆಸುತ್ತಾರೆ. ಅಲ್ಲಿದ್ದ ಎರಡು ತಿಂಗಳು ಕೋಕೋನ ಕಾಲು ತೊಳೆಯುವ ಸೇವೆ ನನ್ನದೇ ಆಗಿತ್ತು.

ಬರಿಯ ಚಳಿಯನ್ನು ತಾಳುವ ಏರ್ಪಾಡನ್ನು ಪ್ರಕೃತಿಯೇ ಮಾಡಿದೆ. ನಾಯಿಯ ಪಾದದಲ್ಲಿ ಬಿಸಿರಕ್ತ ಇಳಿಯುವ ನಾಳಗಳೂ ತಣ್ಣನೆಯ ರಕ್ತ ಮೇಲೇರುವ ನಾಳಗಳೂ ಅಂಟಿಕೊಂಡೇ ಇದ್ದು, ಇಳಿಯುವ ರಕ್ತದ ಶಾಖವು ಏರುವ ರಕ್ತಕ್ಕೆ ದಾಟಿಬಿಡುತ್ತದೆ ಎಂಬುದನ್ನು 2011ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಹಾಗಿದ್ದರೂ ಹಿಮದಲ್ಲಿ ದುಡಿಯುವ ನಾಯಿಗಳ ಪಾದವನ್ನು ಯಾರೂ ಪ್ರಕೃತಿಗೇ ಬಿಟ್ಟು ಕೂರುವುದಿಲ್ಲ. ಅಲಾಸ್ಕಾದಲ್ಲಿ 1973ರಿಂದ ನಡೆಯುತ್ತಿರುವ ಇಡಿಟರಾಡ್ ಎಂಬ ಜಾರುಬಂಡಿ ಓಟದಲ್ಲಿ ಪ್ರತಿ ನಾಯಿಗೂ ಎಂಟೆಂಟು ಕಾಲುಚೀಲಗಳು ಬಂಡಿಯಲ್ಲಿ ಇರಲೇಬೇಕೆಂಬ ನಿಯಮವಿದೆ. ಅದನ್ನು ಯಾರೂ ಶೋಕಿ ಎನ್ನುವುದಿಲ್ಲ.

ಊರಿಗೆ ಬಂದ ಮೇಲೆ ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿದೆ. ಉಪನ್ಯಾಸ ಕೊಡುವುದು ನಿವೃತ್ತ ಶಿಕ್ಷಕರ ಚಟವಲ್ಲವೇ? ಆದರೆ ಸ್ವಂತ ನಾಯಿ ಕಾಳುವಿನ ಕಾಲನ್ನು ಎತ್ತಿ ನೋಡಬೇಕೆಂದು ಒಂದು ದಿನವೂ ನನಗೆ ತೋಚಲಿಲ್ಲ. ಕಾಳು ಊರ ನಾಯಿ. ಬಾಲ್ಯದಲ್ಲಿ ಯಾರೋ ನಮ್ಮ ಗೇಟಿನ ಬಳಿ ಬಿಟ್ಟುಹೋದದ್ದು. ಊರ ನಾಯಿಗೆ ಎಂಥ ಆರೈಕೆ ಎಂಬ ಉದಾಸೀನ ನನ್ನಲ್ಲಿಯೂ ಇತ್ತು.

2022ರ ಏಪ್ರಿಲ್. ಬೆಂಗಳೂರಿನಿಂದ ತಮ್ಮನ ಮಕ್ಕಳು ಬಂದಿದ್ದರು. ಊಟಕ್ಕೆ ಮೊದಲು ಕಾಪು ಕಡಲತೀರವನ್ನು ತೋರಿಸಿ ಬರೋಣವೆಂದು ಹೊರಟೆವು. ಮಕ್ಕಳ ಹಟಕ್ಕೆ ಕಾಳುವೂ ಕಾರು ಹತ್ತಿತು. ನಾವು ತಲಪುವಾಗ ಹನ್ನೆರಡು ಕಳೆದಿತ್ತು. ವಾಹನ ನಿಲ್ಲಿಸಿ ಮರಳಿಗಿಳಿದು ದೀಪಸ್ತಂಭದ ಬಂಡೆಯತ್ತ ನಡೆದೆವು. 1901ರಲ್ಲಿ ಕಟ್ಟಿದ ದೀಪಸ್ತಂಭ ಅದು. ನಾನು ಮಕ್ಕಳಿಗೆ ಅದರ ಚರಿತ್ರೆಯನ್ನು ವಿವರಿಸುತ್ತಿದ್ದೆ. ಕಾಳು ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. "ದೊಡ್ಡಪ್ಪ, ಕಾಳು ಡಾನ್ಸ್ ಮಾಡುತ್ತಿದೆ" ಎಂದು ಚಿಕ್ಕವ ಕುಣಿದ. ನಾವೆಲ್ಲ ನಕ್ಕೆವು. ಅದು ಹಿಂದಕ್ಕೆ ಜಗ್ಗಿದಾಗ ನಾನು ಹಗ್ಗವನ್ನು ಮುಂದಕ್ಕೆ ಎಳೆದೆ. ಎಳೆದದ್ದು ನಾನೇ, ನನ್ನ ಕಾಲಿನಲ್ಲಿ ದಪ್ಪ ಅಟ್ಟೆಯ ಚಪ್ಪಲಿ ಇತ್ತು.

ಸಂಜೆ ಕಾಳು ಎದ್ದು ನಿಲ್ಲಲಿಲ್ಲ. ಅಂಗಾಲಿನ ಮೆತ್ತೆಗಳಲ್ಲಿ ಬೊಕ್ಕೆಗಳೆದ್ದು, ಎರಡು ಕಡೆ ಚರ್ಮ ಸುಲಿದು ಕೆಂಪಗೆ ಕಾಣುತ್ತಿತ್ತು. ಪಶುವೈದ್ಯರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಮಾಷ್ಟ್ರೇ, ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಹಿಡಿಯಿರಿ. ನಿಮಗೆ ತಾಳದಿದ್ದರೆ ಅದಕ್ಕೂ ತಾಳದು" ಎಂದಷ್ಟೇ ಹೇಳಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಗುಣವಾಗಲು ಎರಡು ವಾರ ಬೇಕಾಯಿತು. ಅಷ್ಟು ದಿನ ಕಾಳುವನ್ನು ಎತ್ತಿಕೊಂಡೇ ತೋಟಕ್ಕೆ ಹೋಗಿ ಬರುತ್ತಿದ್ದೆ. ಅದು ಒಮ್ಮೆಯೂ ನನ್ನ ಮೇಲೆ ಗುರುಗುಟ್ಟಲಿಲ್ಲ ಎಂಬುದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಗಾಳಿಯ ಉಷ್ಣತೆ 25 ಡಿಗ್ರಿ ಇರುವಾಗಲೇ ಬಿಸಿಲಿನಲ್ಲಿರುವ ಡಾಮರು ರಸ್ತೆಯ ಮೈ 50 ಡಿಗ್ರಿಯನ್ನು ದಾಟಬಲ್ಲದು. ಗಾಳಿ 31ಕ್ಕೆ ಏರಿದರೆ ಡಾಮರು 60ರ ಆಸುಪಾಸು. ನಮ್ಮ ಏಪ್ರಿಲ್ ಮಧ್ಯಾಹ್ನದ 33-34 ಡಿಗ್ರಿಯಲ್ಲಿ ಹೆದ್ದಾರಿಯ ಮೈ ಹೇಗಿದ್ದೀತೆಂದು ನೀವೇ ಊಹಿಸಬಹುದು. ನಮ್ಮವರಿಗೆ ಇದನ್ನು ಅಂಕಿಸಂಖ್ಯೆಯಲ್ಲಿ ಹೇಳಬೇಕಾಗಿಯೂ ಇಲ್ಲ. ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ಶಾಲಾ ಪ್ರವಾಸ ಹೋದದ್ದು ನೆನಪಿದೆಯಲ್ಲ? 1432ರಲ್ಲಿ ಪ್ರತಿಷ್ಠಾಪನೆಗೊಂಡ ಸುಮಾರು 42 ಅಡಿಯ ಆ ಮೂರ್ತಿಯ ಎದುರು ನಿಂತು ನಾನು ವಿವರಣೆ ಕೊಡುತ್ತಿದ್ದರೆ, ಚಪ್ಪಲಿ ಕಳಚಿಟ್ಟು ಬಂದ ನೀವೆಲ್ಲ ಕಾದ ಬಂಡೆಯ ಮೇಲೆ ಒಂಟಿಕಾಲಿನಲ್ಲಿ ಕುಣಿಯುತ್ತಾ ನೆರಳಿಗೆ ಓಡುತ್ತಿದ್ದಿರಿ. ನಾನು ಅಶಿಸ್ತು ಎಂದು ಗದರಿಸಿದ್ದೆ. ಆ ಗದರಿಕೆಗೂ ಈಗ ಕ್ಷಮೆ ಇರಲಿ.

"ಬೀದಿ ನಾಯಿಗಳು ಬದುಕುವುದಿಲ್ಲವೇ? ಅವಕ್ಕೆ ಯಾರು ಶೂ ಹಾಕುತ್ತಾರೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನಡುಹಗಲಿನಲ್ಲಿ ಉಡುಪಿಯ ಪೇಟೆಯನ್ನೊಮ್ಮೆ ಗಮನಿಸಿ ನೋಡಿ. ಬೀದಿ ನಾಯಿ ಡಾಮರಿನ ಮೇಲೆ ನಿಲ್ಲುವುದಿಲ್ಲ. ನಿಂತ ಲಾರಿಯ ಅಡಿ, ಅಂಗಡಿಯ ಜಗಲಿಯ ತಂಪು, ಮರದ ಬುಡದ ಹಸಿಮಣ್ಣು ಎಲ್ಲಿದೆಯೆಂದು ಅದಕ್ಕೆ ಗೊತ್ತು. ರಸ್ತೆ ದಾಟಬೇಕಾದರೆ ಓಡಿ ದಾಟುತ್ತದೆ. ಅದರ ಕಷ್ಟಗಳು ಬೇರೆ ಇವೆ, ಅಲ್ಲವೆನ್ನುವುದಿಲ್ಲ. ಆದರೆ ಕಾಲು ಎಲ್ಲಿ ಇಡಬೇಕೆಂಬ ತೀರ್ಮಾನ ಅದರದೇ. ಹಗ್ಗ ಕಟ್ಟಿದ ಕ್ಷಣದಿಂದ ಸಾಕುನಾಯಿಗೆ ಆ ತೀರ್ಮಾನ ಉಳಿಯುವುದಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದವರು ನೆಲ ಮುಟ್ಟಿ ನೋಡಬೇಕು ಎಂಬುದಿಷ್ಟೇ ನನ್ನ ವಾದ.

ಹಾಗಾದರೆ ಶೂ ಬೇಕೇ? ನಮ್ಮ ಕರಾವಳಿಗೆ ಬೇಡವೆಂದೇ ನನ್ನ ಅಭಿಪ್ರಾಯ. ನಾಯಿ ಬೆವರುವುದು ಬಹುಮಟ್ಟಿಗೆ ಅಂಗಾಲಿನಿಂದ ಮಾತ್ರ. ಉಳಿದ ಶಾಖವನ್ನು ಏದುಸಿರಿನಿಂದ ಕಳೆಯಬೇಕು. ಈ ಸೆಖೆಯಲ್ಲಿ ರಬ್ಬರಿನ ಶೂ ಬಿಗಿದರೆ ಒಳಗೆಲ್ಲ ತೇವ. ಇನ್ನು ಮಳೆಗಾಲದಲ್ಲಂತೂ ಬೆರಳ ಸಂದಿ ಒಣಗದೆ ಹುಣ್ಣಾಗುವುದೇ ನಮ್ಮ ಊರಿನ ನಿಜವಾದ ತೊಂದರೆ, ಅದಕ್ಕೆ ಹಳೆಯ ಬೈರಾಸೇ ಮದ್ದು. ಬೇಸಗೆಯಲ್ಲಿ ಬದಲಾಯಿಸಬೇಕಾದದ್ದು ವೇಳೆಯನ್ನು. ಬೆಳಿಗ್ಗೆ ಏಳರೊಳಗೆ, ಸಂಜೆ ನೆಲ ತಣಿದ ಮೇಲೆ. ಸೂರ್ಯ ಮುಳುಗಿದ ಕೂಡಲೇ ಡಾಮರು ತಣಿಯುವುದಿಲ್ಲ ಎಂಬುದೂ ನೆನಪಿರಲಿ. ಮಣಿಪಾಲದ ಫ್ಲ್ಯಾಟುಗಳಿಂದ ಹತ್ತು ಗಂಟೆಯ ಬಿಸಿಲಿಗೆ, ಫೋನ್ ನೋಡುತ್ತಾ ನಾಯಿಯನ್ನು ಎಳೆದುಕೊಂಡು ಹೋಗುವವರನ್ನು ಕಂಡಾಗ ಈಗ ನಾನು ಸುಮ್ಮನಿರಲಾರೆ. ಒಬ್ಬರು ಸಿಟ್ಟಾದದ್ದೂ ಉಂಟು. ಆಗಲಿ.

ಇನ್ನೂ ಹೆಚ್ಚಿನ ದುಃಖ ಅಂಗಳಗಳದ್ದು. ನಾವು ಚಿಕ್ಕವರಿದ್ದಾಗ ಮಳೆ ಮುಗಿದೊಡನೆ ಅಂಗಳ ಕೆತ್ತಿ, ಹದಮಾಡಿ, ಸೆಗಣಿ ಸಾರಿಸಿ, ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕುತ್ತಿದ್ದರು. ನಾಯಿ ಅದರ ನೆರಳಿನಲ್ಲಿಯೇ ಮಲಗುತ್ತಿತ್ತು. ಈಗ ಮಣ್ಣು ಕಾಲಿಗೆ ಅಂಟಬಾರದೆಂದು ಗೇಟಿನಿಂದ ಮೆಟ್ಟಿಲವರೆಗೂ ಇಂಟರ್‌ಲಾಕ್. ಆ ಕಾದ ಹಾಸಿನ ಮೇಲೆ, ತಗಡಿನ ಮಾಡಿನ ಗೂಡಿನಲ್ಲಿ, ಮೂರು ಮೊಳ ಸರಪಳಿಯಲ್ಲಿ ಹಗಲಿಡೀ ನಾಯಿ. ಅತಿ ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದನ್ನೂ, ಸದಾ ಕಟ್ಟಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಅಪರಾಧವೆಂದೇ ಹೇಳುತ್ತದೆ. ಆದರೆ ನೆರೆಮನೆಯವರ ಮೇಲೆ ಕಾಯಿದೆ ಹೇಳಲು ನಮ್ಮಲ್ಲಿ ಯಾರಿಗೆ ಮನಸ್ಸು ಬಂದೀತು?

ಹಾಗಾಗಿ ನನ್ನ ಮಾತು ಕಟ್ಟಡ ಕಂತ್ರಾಟುದಾರರಾದ ನನ್ನ ವಿದ್ಯಾರ್ಥಿಗಳಿಗೆ. ನಿಮ್ಮ ಸಂಖ್ಯೆ ಈ ಜಿಲ್ಲೆಯಲ್ಲಿ ಸಣ್ಣದಲ್ಲ. ಮನೆಯವರು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ ಎಂದಾಗ, ನಾಯಿ ಇದೆಯೇ ಎಂದು ಒಂದು ಮಾತು ಕೇಳಿ. ಇದೆಯೆಂದರೆ ಬಾವಿಯ ಬದಿಯಲ್ಲೋ ಮಾವಿನ ನೆರಳಿನಲ್ಲೋ ಒಂದು ಮಂಚದಷ್ಟು ಜಾಗವನ್ನು ಮಣ್ಣಾಗಿಯೇ ಬಿಡಿ. ಹಣವೂ ಅಷ್ಟು ಕಡಿಮೆಯಾದೀತು. ನಾನು ಕಳೆದ ವರ್ಷ ನಮ್ಮ ಅಂಗಳದ ಮೂಲೆಯಲ್ಲಿ ಇಪ್ಪತ್ತು ಹಾಸು ಕೀಳಿಸಿದೆ. ಹಾಕಿದ ಹುಡುಗನೇ ಬಂದು ಕಿತ್ತ, ತಲೆ ಕೆರೆದುಕೊಳ್ಳುತ್ತಾ. ಅವನು ಹಾರೆಯನ್ನು ಗೋಡೆಗೊರಗಿಸಿ ಚಹಾ ಕುಡಿಯಲು ಕುಳಿತಿದ್ದಷ್ಟೇ, ಕಾಳು ಆಗಲೇ ಆ ಮಣ್ಣನ್ನು ಕೆದಕಿ ಗುಂಡಿ ಮಾಡಿ ಅದರಲ್ಲಿ ಮಲಗಿತ್ತು.