ಸಾಯಂಕಾಲದ ಹದ

ದಿನದ ದುಡಿಮೆ ಮುಗಿದ ಬಳಿಕ ಮನೆಯವರೂ ನೆರೆಯವರೂ ಒಂದೆಡೆ ಕುಳಿತು, ಏನನ್ನಾದರೂ ತಿಂದು ಕುಡಿದು, ನಾಲ್ಕು ಹಾಡು ಕೇಳಬೇಕೆಂಬುದು ಮನುಷ್ಯನಿಗೆ ಸಹಜವಾದ ಬಯಕೆ. ಇದು ಪರದೇಶದಿಂದ ಬಂದ ಸೋಗೆಂದು ಹಳಿಯುವ ಹಿರಿಯರು ನಮ್ಮಲ್ಲಿ ಉಂಟು. ಕೆಲವು ವರ್ಷಗಳ ಹಿಂದೆ ನಾನೂ ಅವರಲ್ಲಿ ಒಬ್ಬನಾಗಿದ್ದೆನು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ತೆರೆದು ನೋಡಿದರೆ, ಅನ್ನಭೋಗವೂ ಗೀತವಿನೋದವೂ ಒಂದೇ ಗ್ರಂಥದಲ್ಲಿ ಸ್ಥಾನ ಪಡೆದಿರುವುದು ಕಾಣುತ್ತದೆ. ರಸನೆಗೂ ಕಿವಿಗೂ ಒಟ್ಟಿಗೆ ಔತಣವನ್ನೀಯುವುದು ನಮ್ಮ ನಾಡಿಗೆ ಹೊಸತಲ್ಲ. ಹೊಸತಾಗಿರುವುದು, ಅದು ಅರಮನೆಯಿಂದ ಸಾಮಾನ್ಯ ಗೃಹಸ್ಥನ ನಡುಮನೆಗೆ ಇಳಿದು ಬಂದಿರುವುದು.

ನಮ್ಮ ನಾಗಸಂದ್ರದಲ್ಲಿಯೂ ಹೀಗೆಯೇ. 2015ರ ಮೇ 1ರಂದು ಮೆಟ್ರೋ ರೈಲು ಇಲ್ಲಿಗೆ ಬಂದಂದಿನಿಂದ ಊರಿನ ಸಂಜೆಯ ಮುಖವೇ ಬೇರೆಯಾಯಿತು. ಪೀಣ್ಯದ ಕಾರ್ಖಾನೆಗಳಿಂದಲೂ ನಗರದ ಕಚೇರಿಗಳಿಂದಲೂ ದಣಿದು ಬರುವವರು ಶನಿವಾರದ ಸಂಜೆಯನ್ನು ಹಬ್ಬದಂತೆ ಕಾಯುವರು. ಅಂದು ಒಂದು ಮನೆಯಲ್ಲಿ ದ್ರಾಕ್ಷಾರಸದ ಸೀಸೆ, ಮನೆಯಲ್ಲಿಯೇ ಸುಟ್ಟ ಬನ್ನು, ಯಾರದೋ ಸಂಗೀತದ ಮುದ್ರಿಕೆ, ಈ ಮೂರೂ ಕೂಡಿರುತ್ತವೆ. ಹೇಗೂ ಕೂಡುವುವೆಂದ ಮೇಲೆ ಹದವರಿತು ಕೂಡಿಸುವುದು ಲೇಸಲ್ಲವೆ?

ಮೊದಲು ದ್ರಾಕ್ಷಿಯ ಮಾತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ಅರಿಯದವರಾರು? ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗಿಡುವ ಮೊದಲೇ ಮೂಗಿಗೆ ಮುಟ್ಟುವ ಪರಿಮಳ. ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ಅವರು ಫ್ರಾನ್ಸ್ ದೇಶದ ತಳಿಗಳನ್ನು ಬೆಳೆಸಲು ತೊಡಗಿದರು. 2007ರಲ್ಲಿ ಸರಕಾರವು ದ್ರಾಕ್ಷಾರಸಕ್ಕೆಂದೇ ಪ್ರತ್ಯೇಕ ನೀತಿಯನ್ನು ಹೊರಡಿಸಿತು. ಹೀಗಾಗಿ ಈ ಪಾನೀಯವು ನಮಗೆ ದೂರದ್ದಲ್ಲ, ಒಂದೆರಡು ಗಂಟೆಯ ಹಾದಿಯದು.

ಬನ್ನಿಗೂ ದ್ರಾಕ್ಷಾರಸಕ್ಕೂ ಇರುವ ನಂಟು ವಿಚಾರಯೋಗ್ಯವಾದುದು. ಎರಡನ್ನೂ ಮಾಡುವುದು ಯೀಸ್ಟ್ ಎಂಬ ಅಣುಜೀವಿಯೇ. ಅದು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನೂ ಮದ್ಯಸಾರವನ್ನೂ ಹೊರಬಿಡುತ್ತದೆ. ದ್ರಾಕ್ಷಿಯ ರಸದಲ್ಲಿ ವಾಯು ಹಾರಿಹೋಗಿ ಮದ್ಯಸಾರ ಉಳಿಯುತ್ತದೆ. ಹಿಟ್ಟಿನಲ್ಲಿ ವಾಯು ಸಿಕ್ಕಿಕೊಂಡು ಉಬ್ಬಿಸಿ, ಮದ್ಯಸಾರದ ಬಹುಪಾಲು ಬೆಂಕಿಗೆ ಹಾರಿಹೋಗುತ್ತದೆ. ಒಂದೇ ತಾಯಿಯ ಮಕ್ಕಳಿಬ್ಬರು. ಸ್ವಭಾವ ಮಾತ್ರ ಬೇರೆ.

ಬನ್ನು ಸುಡಲು ವಿದ್ಯುತ್ತಿನ ಒಲೆಯೇ ಬೇಕೆಂಬ ನಿಯಮವಿಲ್ಲ. ಗೋಧಿಹಿಟ್ಟು 200 ಗ್ರಾಂ, ರಾಗಿಹಿಟ್ಟು 50 ಗ್ರಾಂ, ಒಣ ಯೀಸ್ಟ್ ಒಂದು ಚಮಚ, ಬೆಲ್ಲದ ಪುಡಿ ಎರಡು ಚಮಚ, ಉಪ್ಪು ಅರ್ಧ ಚಮಚ, ಬೆಣ್ಣೆ 25 ಗ್ರಾಂ. ಉಗುರುಬೆಚ್ಚಗಿನ ಹಾಲು ಹಿಟ್ಟು ಹಿಡಿಯುವಷ್ಟು. ಚೆನ್ನಾಗಿ ನಾದಿ, ಮುಚ್ಚಿಟ್ಟು, ಎರಡರಷ್ಟು ಉಬ್ಬಿದ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಸೊಪ್ಪುಗಳನ್ನು ಸೇರಿಸಿ ಉಂಡೆ ಕಟ್ಟಬೇಕು. ಅರ್ಧ ಗಂಟೆ ಮತ್ತೆ ಉಬ್ಬಲಿ. ದಪ್ಪ ತಳದ ಪಾತ್ರೆಯಲ್ಲಿ ಬೆರಳುದ್ದಕ್ಕೆ ಮರಳು ಹರಡಿ, ಹತ್ತು ನಿಮಿಷ ಕಾಯಿಸಿ, ಅದರೊಳಗೆ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಬಾಯಿ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿದರೆ ಅಯ್ಯಂಗಾರ್ ಬೇಕರಿಯ ಖಾರದ ಬನ್ನಿನ ನೆನಪು ತರುವಂಥದು ಸಿದ್ಧವಾಗುವುದು. ರಾಗಿಗೆ ಗೋಧಿಯ ಅಂಟು ಇಲ್ಲ. ಆದುದರಿಂದ ಆಸೆಪಟ್ಟು ರಾಗಿಯನ್ನು ಹೆಚ್ಚಿಸಿದರೆ ಬನ್ನು ಕಲ್ಲಾಗುವುದು.

ಇನ್ನು ಜೋಡಣೆ. ಖಾರವು ಮದ್ಯಸಾರದ ಉರಿಯನ್ನು ಹೆಚ್ಚಿಸುತ್ತದೆ; ಆದುದರಿಂದ ಖಾರದ ಬನ್ನಿನೊಡನೆ ಒಗರಾದ ಕೆಂಪು ರಸಕ್ಕಿಂತ ಕೊಂಚ ಸಿಹಿಯಾದ, ತಣ್ಣಗಿನ ಬಿಳಿಯ ರಸ ಹೊಂದುವುದು. ತಿಂಡಿಯು ಪಾನೀಯಕ್ಕಿಂತ ಹೆಚ್ಚು ಸಿಹಿಯಾದರೆ ಪಾನೀಯ ಹುಳಿಯಾಗಿ ತೋರುವುದು. ಆದುದರಿಂದ ಸಿಹಿತಿಂಡಿಗೆ ಅದಕ್ಕಿಂತಲೂ ಸಿಹಿಯಾದ ರಸವನ್ನೇ ಇಡಬೇಕು.

ಈ ಎಲ್ಲಕ್ಕೂ ಕ್ರಮವನ್ನು ಎಲ್ಲಿಂದ ತರುವುದು? ಸಂಗೀತದಿಂದಲೇ. ಇಂದಿನ ಕಚೇರಿಯ ಕ್ರಮವನ್ನು ರೂಢಿಗೆ ತಂದವರೆಂದು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರನ್ನು ಸ್ಮರಿಸುತ್ತಾರೆ. ಮೊದಲು ಚುರುಕಾದ ವರ್ಣ. ಆಗ ಖಾರದ ಬನ್ನು ಬರಲಿ. ನಡುವೆ ಕಲ್ಯಾಣಿಯೋ ಪೂರ್ವಿಕಲ್ಯಾಣಿಯೋ ವಿಸ್ತಾರವಾಗಿ ಹರಿಯುವಾಗ ತಟ್ಟೆ ಲೋಟಗಳ ಸದ್ದು ಕೂಡದು. ಕೈ ಸುಮ್ಮನಿದ್ದು ಕಿವಿ ಉಣ್ಣಲಿ. ಕೊನೆಗೆ ದೇವರನಾಮಗಳು; ಆಗ ಸಿಹಿ. ಆಮೇಲೆ ಮಂಗಳ.

ಈ ಮಂಗಳದ ಮಹತ್ತ್ವ ನನಗೆ ಮನವರಿಕೆಯಾದುದು ಹೋದ ಮಾಗಿಯಲ್ಲಿ, ನಮ್ಮ ಮನೆಯಲ್ಲಿಯೇ. ಮಗನೂ ಸೊಸೆಯೂ ನೆರೆಯವರನ್ನು ಕರೆದಿದ್ದರು. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಮಹನೀಯರೊಬ್ಬರು ಪತ್ನೀಸಮೇತರಾಗಿ ಬಂದಿದ್ದರು. ಕುಡಿತದಿಂದ ಅವರ ಸಂಸಾರವು ಒಡೆಯುವ ಅಂಚಿಗೆ ಬಂದು, ಅವರು ಅದನ್ನು ಬಿಟ್ಟು ಮೂರು ವರ್ಷವಾಗಿತ್ತು. ಇದು ನನಗೆ ತಿಳಿದಿತ್ತು, ಮಗನಿಗೆ ತಿಳಿದಿರಲಿಲ್ಲ. “ಒಂದೇ ಗುಟುಕು, ಅಣ್ಣಾ. ಇದೇನು ಸಾರಾಯಿಯೆ?” ಎಂದು ಅವನು ಲೋಟವನ್ನು ಚಾಚಿದನು. ಆ ಗೃಹಿಣಿ ಕೈಯಲ್ಲಿದ್ದ ಬನ್ನನ್ನು ಮೆಲ್ಲನೆ ತಟ್ಟೆಗಿಳಿಸಿದರು. ಆಕೆಯ ದೃಷ್ಟಿ ಗಂಡನ ಕೈಯ ಮೇಲೆಯೇ ಇತ್ತು.

ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತು, “ನಮ್ಮಿಬ್ಬರಿಗೂ ದ್ರಾಕ್ಷಿಯ ಪಾನಕ ತಾರಪ್ಪ” ಎಂದೆನು. ಪಾನಕವೆಲ್ಲಿ ಬಂತು? ಮಾಡಿಯೇ ಇರಲಿಲ್ಲ. ಸೊಸೆ ನಿಂಬೆಹಣ್ಣಿನ ಶರಬತ್ತನ್ನು ತಂದು ಮಾನ ಉಳಿಸಿದಳು. ತಪ್ಪು ಮಗನದೊಂದೇ ಅಲ್ಲ. ಕುಡಿಯದವನೆಂಬ ಹೆಮ್ಮೆಯಿಂದ ಮೂಲೆಯಲ್ಲಿ ಮುಖ ಬಿಗಿದುಕೊಂಡು ಕುಳಿತಿದ್ದ ನಾನು, ಒಲ್ಲದ ಅತಿಥಿಗೆ ಏನಿದೆಯೆಂದು ಮೊದಲೇ ವಿಚಾರಿಸಬೇಕಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಮುದ್ರಿಕೆ ಮೊದಲಾಯಿತು. ಆಕೆ ಬನ್ನನ್ನು ಮತ್ತೆ ಕೈಗೆತ್ತಿಕೊಂಡರು.

ಅಂದಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಬನ್ನು ಹೊಟ್ಟೆ ತುಂಬಿದೊಡನೆ ತಾನೇ ಸಾಕೆನಿಸುತ್ತದೆ. ರಾಗಕ್ಕೆ ಮಂಗಳವುಂಟು. ಮದ್ಯವೊಂದಕ್ಕೇ ತನ್ನ ಕೊನೆ ತನಗೆ ತಿಳಿಯದು. ಒಂದು ಲೋಟವು ಇನ್ನೊಂದನ್ನು ಕರೆಯುವುದು. ವಿಧಿಯರಿತು, ಮಾತ್ರೆಯರಿತು, ಕಾಲವರಿತು ಸೇವಿಸಿದರೆ ಅಮೃತ, ಇಲ್ಲವಾದರೆ ವಿಷವೆಂದು ಚರಕಸಂಹಿತೆಯ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯಾದರೋ 2023ರ ಜನವರಿಯಲ್ಲಿ ಇನ್ನೂ ಮುಂದೆ ಹೋಗಿ, ಆರೋಗ್ಯಕ್ಕೆ ನಿರಪಾಯವಾದ ಮದ್ಯದ ಪ್ರಮಾಣವೇ ಇಲ್ಲವೆಂದು ಸಾರಿತು. ಎರಡನ್ನೂ ತಿಳಿದು ಬೇಕೆನ್ನುವವರು ಸ್ವಲ್ಪ ತೆಗೆದುಕೊಳ್ಳಲಿ. ಆದರೆ ಕೊನೆಯಿಲ್ಲದ ವಸ್ತುವನ್ನು ಕೊನೆಯುಳ್ಳ ವಸ್ತುವಿನ ಅಧೀನದಲ್ಲಿ ಇಡತಕ್ಕದ್ದು. ಮಂಗಳವಾದ ಮೇಲೆ ಸೀಸೆಯ ಬಿರಡೆಯನ್ನು ಮತ್ತೆ ತೆಗೆಯಕೂಡದು. ಕುಡಿದವರು ಬಂಡಿ ನಡೆಸದೆ ರೈಲಿನಲ್ಲಿ ಮನೆಗೆ ಹೋಗಲಿ.

ಈಗ ನಮ್ಮ ಮನೆಯಲ್ಲಿ ಪಾನಕವೇ ಮೊದಲು ಸಿದ್ಧವಾಗುತ್ತದೆ. ಬೆಂಗಳೂರು ನೀಲಿಯನ್ನು ತುಸು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಕಿವುಚಿ, ಸೋಸಿ, ಬೆಲ್ಲ, ಏಲಕ್ಕಿ, ಒಂದು ಹನಿ ನಿಂಬೆರಸ ಬೆರೆಸಿ ತಣ್ಣಗೆ ಮಾಡಿದರೆ ಸಾಕು. ಅದನ್ನು ಸ್ಟೀಲಿನ ಲೋಟದಲ್ಲಿ ಬೇರೆಯಾಗಿ ಕೊಡದೆ, ದ್ರಾಕ್ಷಾರಸದ ಗಾಜಿನ ಲೋಟದಲ್ಲಿಯೇ ಕೊಡುತ್ತೇವೆ. ಎರಡರ ಬಣ್ಣವೂ ಒಂದೇ. ಯಾರ ಕೈಯಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ. ಆ ನೆರೆಯವರು ಕಳೆದ ಶನಿವಾರವೂ ಬಂದಿದ್ದರು. ಮಂಗಳದವರೆಗೆ ಇದ್ದು, ಉಳಿದ ಎರಡು ಬನ್ನುಗಳನ್ನು ಮಕ್ಕಳಿಗೆಂದು ಕಟ್ಟಿಸಿಕೊಂಡು ಹೋದರು.