ಹಲವು ಸಭೆ, ಒಬ್ಬ ಪಾಲಕ

ಪ್ಯಾರಿಷ್ ಎಂಬ ಶಬ್ದಕ್ಕೆ ಕನ್ನಡದಲ್ಲಿ ನೇರವಾದ ಸಂವಾದಿ ಪದವಿಲ್ಲ. ಗ್ರೀಕ್ ಮೂಲದಲ್ಲಿ ಅದಕ್ಕೆ ಪರಸ್ಥಳದಲ್ಲಿ ತಂಗಿರುವುದು ಎಂಬ ಅರ್ಥವಿದ್ದರೂ ಇಂಗ್ಲೆಂಡಿನಲ್ಲಿ ಅದು ಗಡಿಗಳುಳ್ಳ ಭೂಭಾಗವೊಂದನ್ನು ಸೂಚಿಸುವ ಮಾತಾಯಿತು. ಆ ಗಡಿಯೊಳಗೆ ವಾಸಿಸುವವನು ಚರ್ಚಿಗೆ ಹೋಗಲಿ ಬಿಡಲಿ, ಆ ಪ್ಯಾರಿಷಿಗೆ ಸೇರಿದವನೇ. ಕನ್ನಡ ಪ್ರಾಟೆಸ್ಟಂಟ್ ಕ್ರೈಸ್ತರು ರೂಢಿಸಿಕೊಂಡದ್ದು 'ಸಭೆ' ಎಂಬ ಮಾತನ್ನು. ಸಭೆ ಎಂದರೆ ಕೂಡಿದ ಜನ. ಅವರನ್ನು ನೋಡಿಕೊಳ್ಳುವವನು ಸಭಾಪಾಲಕ. ನೆರೆಹೊರೆಯ ಗ್ರಾಮೀಣ ಪ್ಯಾರಿಷುಗಳನ್ನು ಕೂಡಿಸಿ ಒಬ್ಬನೇ ಪಾದ್ರಿಗೆ ಒಪ್ಪಿಸುವ ಆಂಗ್ಲಿಕನ್ ಕ್ರಮವನ್ನು ಕರ್ನಾಟಕದ ಸಂದರ್ಭದಲ್ಲಿ ಚರ್ಚಿಸುವಾಗ ಈ ಪದಭೇದವನ್ನು ಮರೆಯುವಂತಿಲ್ಲ. ಅಲ್ಲಿ ಕೂಡಿಸುವುದು ನೆಲವನ್ನು, ಇಲ್ಲಿ ಕೂಡಿಸುವುದು ಜನರನ್ನು.

ಇಂಗ್ಲೆಂಡಿನಲ್ಲಿ ಈ ಕ್ರಮಕ್ಕೆ ದೀರ್ಘ ಇತಿಹಾಸವಿದೆ, ಮತ್ತು ಅದು ನೇರವಾದ ಇತಿಹಾಸವಲ್ಲ. ಹದಿನೆಂಟನೆಯ ಶತಮಾನದಲ್ಲಿ ಒಬ್ಬ ಪಾದ್ರಿ ಹಲವು ಪ್ಯಾರಿಷುಗಳ ಆದಾಯವನ್ನು ಅನುಭವಿಸುತ್ತಾ, ಯಾವುದೋ ಒಂದರಲ್ಲಿ ನೆಲೆಸಿ, ಉಳಿದೆಡೆಗೆ ಕಡಿಮೆ ಸಂಬಳದ ಸಹಾಯಕನನ್ನು ಕಳಿಸುವುದು ಸಾಮಾನ್ಯವಾಗಿತ್ತು. ಈ ದುರುಪಯೋಗವನ್ನು ತಡೆಯಲೆಂದೇ 1838ರ ಕಾಯಿದೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಸ್ಥಾನಗಳನ್ನು ನಿಷೇಧಿಸಿ, ಆ ಎರಡರ ನಡುವಣ ದೂರ ಹತ್ತು ಮೈಲಿ ಮೀರಬಾರದೆಂದು ವಿಧಿಸಿತು. ನೂರು ವರ್ಷ ಕಳೆದ ಮೇಲೆ ಅದೇ ಸ್ಥಿತಿ ಆಡಳಿತನೀತಿಯ ಹೆಸರಿನಲ್ಲಿ ಮರಳಿತು. 1964ರಲ್ಲಿ ಲೆಸ್ಲಿ ಪಾಲ್ ಸಲ್ಲಿಸಿದ ವರದಿ ಪಾದ್ರಿಗಳ ಹಂಚಿಕೆಯನ್ನೂ ವೇತನವನ್ನೂ ಪುನರ್ವಿಮರ್ಶಿಸಿ, ಹುದ್ದೆಯನ್ನು ಆಜೀವ ಸ್ವತ್ತಿನಂತೆ ಕಾಣುವ ಹಳೆಯ ಹಕ್ಕನ್ನು ಪ್ರಶ್ನಿಸಿತು. (ಈ ಪಾಲ್ ಪಾದ್ರಿಯಲ್ಲ, ಲೇಖಕ, 'ಆಂಗ್ರಿ ಯಂಗ್ ಮ್ಯಾನ್' ಎಂಬುದು 1951ರಲ್ಲಿ ಪ್ರಕಟವಾದ ಆತನ ಆತ್ಮಕಥೆಯ ಹೆಸರು.) 1974ರ ಶೆಫೀಲ್ಡ್ ವರದಿ ಜನಸಂಖ್ಯೆ, ವಿಸ್ತೀರ್ಣ, ಚರ್ಚ್ ಕಟ್ಟಡಗಳ ಸಂಖ್ಯೆ, ಸದಸ್ಯರ ಸಂಖ್ಯೆ ಇವುಗಳನ್ನು ಸೂತ್ರಕ್ಕೆ ಅಳವಡಿಸಿ ಪಾದ್ರಿಗಳನ್ನು ಡಯಾಸಿಸ್‌ಗಳಿಗೆ ಹಂಚುವ ದಾರಿ ತೋರಿಸಿತು. ಒಬ್ಬನೇ ಪಾದ್ರಿ ಐದಾರು, ಕೆಲವೆಡೆ ಹತ್ತಕ್ಕೂ ಹೆಚ್ಚು ಹಳ್ಳಿಗಳ ಚರ್ಚುಗಳನ್ನು ನೋಡಿಕೊಳ್ಳುವುದು ಇಂದು ಅಲ್ಲಿ ಅಚ್ಚರಿಯ ಸಂಗತಿಯಲ್ಲ. 2021ರಲ್ಲಿ ಆರಂಭವಾದ 'ಸೇವ್ ದ ಪ್ಯಾರಿಷ್' ಚಳವಳಿ ಇದರ ವಿರುದ್ಧ ಎದ್ದ ದನಿ.

ಕರ್ನಾಟಕದ ಚಿತ್ರ ಬೇರೆ. ಇಲ್ಲಿ ಆಂಗ್ಲಿಕನ್ ಚರ್ಚು ಬಹುಮಟ್ಟಿಗೆ ದಂಡುಪ್ರದೇಶದ ಹಾಗೂ ತೋಟಗಾರರ ಚರ್ಚಾಗಿತ್ತು. ಅದರ ಚಾಪ್ಲೇನರಿಗೆ ಸಂಬಳ ಕೊಡುತ್ತಿದ್ದುದು ಸರ್ಕಾರ. ಬ್ರಿಟಿಷರೊಂದಿಗೆ ಆ ಸಂಬಳವೂ ಹೋಯಿತು, ಎಷ್ಟೋ ಕಡೆ ಸಭಿಕರೂ ಹೋದರು. 1855ರಲ್ಲಿ ಮಡಿಕೇರಿ ಕೋಟೆಯೊಳಗೆ ಕಟ್ಟಲಾದ ಸೇಂಟ್ ಮಾರ್ಕ್ಸ್ ಚರ್ಚು ಇಂದು ಸರ್ಕಾರಿ ವಸ್ತುಸಂಗ್ರಹಾಲಯ; ಆರಾಧನೆ ನಡೆಯುತ್ತಿದ್ದ ಜಾಗದಲ್ಲಿ ಹಳೆಯ ಶಿಲ್ಪಗಳಿವೆ. ಕನ್ನಡ ನುಡಿಯುವ ಸಭೆಗಳು ರೂಪುಗೊಂಡದ್ದು ಲಂಡನ್ ಮಿಷನ್, ವೆಸ್ಲಿಯನ್ ಮಿಷನ್, ಬಾಸೆಲ್ ಮಿಷನ್‌ಗಳ ಆಶ್ರಯದಲ್ಲಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿದಾಗ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಪ್ರೆಸ್ಬಿಟೇರಿಯನ್-ಕಾಂಗ್ರಿಗೇಶನಲ್ ಪರಂಪರೆಗಳು ಒಂದೇ ಬಿಷಪ್ ವ್ಯವಸ್ಥೆಯೊಳಗೆ ಬಂದವು. ಆಗ ಒಂದಾಗಿದ್ದ ಮೈಸೂರು ಡಯಾಸಿಸ್ 1970ರಲ್ಲಿ ಮಧ್ಯ, ಉತ್ತರ, ದಕ್ಷಿಣ ಎಂದು ಮೂರಾಯಿತು.

ಹೀಗೆ ಆಂಗ್ಲಿಕನ್ ಆಡಳಿತ ಕ್ರಮ ಕನ್ನಡ ಹಳ್ಳಿಯನ್ನು ತಲುಪುವ ವೇಳೆಗೆ, ಇಂಗ್ಲೆಂಡು ಯಾವುದನ್ನು ಅವನತಿಯೆಂದು ದುಃಖಿಸುತ್ತಿದೆಯೋ ಅದು ಇಲ್ಲಿ ನೂರು ವರ್ಷಗಳ ರೂಢಿಯಾಗಿತ್ತು. ಹಳ್ಳಿಗೊಬ್ಬ ಪಾದ್ರಿ ಎಂಬುದು ಕರ್ನಾಟಕದಲ್ಲಿ ಎಂದೂ ಇರಲೇ ಇಲ್ಲ. ಪಾಸ್ಟೊರೇಟ್ ಎಂದು ಕರೆಯಲಾಗುವ ಘಟಕವೇ ಹಲವು ಸಭೆಗಳ ಗುಂಪು. ಸಭಾಪಾಲಕರು ಊರಿಂದೂರಿಗೆ ಸುತ್ತುತ್ತಾರೆ. ಪ್ರಭುಭೋಜನ ನಡೆಸುವ ಅಧಿಕಾರ ಅವರೊಬ್ಬರಿಗೇ ಇರುವುದರಿಂದ ಅವರು ಬಂದ ದಿನವೇ ಆ ಊರಿಗೆ ಪ್ರಭುಭೋಜನದ ದಿನ. ಉಳಿದ ಭಾನುವಾರಗಳಲ್ಲಿ ಸಭೆಯನ್ನು ನಡೆಸಿದವರು ಉಪದೇಶಿಗಳು. ಮಕ್ಕಳಿಗೆ ಅಕ್ಷರ ಕಲಿಸಿದವರು, ಕಾಯಿಲೆಯವರ ಬಳಿ ಕುಳಿತವರು, ಮಣ್ಣು ಮಾಡುವಾಗ ನಿಂತು ಪ್ರಾರ್ಥಿಸಿದವರು, ಸರ್ಕಾರಿ ಕಚೇರಿಗೆ ಅರ್ಜಿ ಬರೆದುಕೊಟ್ಟವರು ಅವರೇ. ಮಿಷನ್ ಇತಿಹಾಸಗಳಲ್ಲಿ ಅವರಿಗೆ ದೊರೆತಿರುವ ಸ್ಥಾನ ಅವರು ಮಾಡಿದ ಕೆಲಸಕ್ಕೆ ಹೋಲಿಸಿದರೆ ತೀರ ಕಿರಿದು.

ಈ ಪ್ರಶ್ನೆಯನ್ನು ಆಂಗ್ಲಿಕನ್ ಚಿಂತಕರೊಬ್ಬರು ಮೊದಲೇ ಎತ್ತಿದ್ದರು. ಚೀನದಲ್ಲಿ ಮಿಷನರಿಯಾಗಿದ್ದ ರೋಲಂಡ್ ಅಲೆನ್ 1912ರಲ್ಲಿ ಪ್ರಕಟಿಸಿದ ಕೃತಿಯಿಂದ ಆರಂಭಿಸಿ ಮುಂದಿನ ಬರಹಗಳಲ್ಲಿ ವಾದಿಸಿದ್ದು ಇಷ್ಟೇ: ಸ್ಥಳದಲ್ಲೇ ಬಾಳುವ, ತನ್ನ ಕಸುಬಿನಿಂದ ಜೀವಿಸುವ ಹಿರಿಯನಿಗೇ ದೀಕ್ಷೆ ಕೊಡಿ, ಸಂಬಳದ ಪಾದ್ರಿ ಬರುವತನಕ ಸಭೆಯನ್ನು ಕಾಯಿಸಬೇಡಿ. ಅದನ್ನು ಗೌರವದಿಂದ ಓದಿದವರು ಹಲವರು, ಆಚರಿಸಿದವರು ಕೆಲವರು.

ಉತ್ತರ ಬೆಂಗಳೂರಿನಲ್ಲಿ ಈ ವಿಷಯ ಮತ್ತೊಂದು ತಿರುವು ಪಡೆದಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ ಇವು ಹಳ್ಳಿಗಳಾಗಿದ್ದ ಕಾಲದಲ್ಲಿ ಇಲ್ಲಿಂದ ಚಿಕ್ಕಬಳ್ಳಾಪುರದ ಕಡೆಗಿನ ಸೀಮೆ ಲಂಡನ್ ಮಿಷನ್ನಿನ ಕಾರ್ಯಕ್ಷೇತ್ರಕ್ಕೆ ಸೇರಿತ್ತು. 1954ರಲ್ಲಿ ಜಾಲಹಳ್ಳಿಯ ಬಳಿ ಬಿಇಎಲ್, 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ, 1984ರಲ್ಲಿ ಯಲಹಂಕದ ರೈಲುಗಾಲಿ ಕಾರ್ಖಾನೆ, 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ, ಹೀಗೆ ಒಂದೊಂದಾಗಿ ಬಂದು ಜನವಸತಿಯ ಸ್ವರೂಪವೇ ಬದಲಾಯಿತು. ತಮಿಳು, ಮಲಯಾಳ, ತೆಲುಗು, ಇಂಗ್ಲಿಷ್ ನುಡಿಯ ಕ್ರೈಸ್ತರು ನೆಲೆಸಿದರು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನ ಕಡಿಮೆಯಾಗಿ ಪ್ಯಾರಿಷುಗಳು ಕೂಡಿದರೆ, ಇಲ್ಲಿ ಜನ ಹೆಚ್ಚಾಗಿ ಹಳೆಯ ಸಣ್ಣ ಸಭೆ ದೊಡ್ಡದರೊಳಗೆ ಕಾಣದಂತಾಗುವ ಸಂಭವವಿದೆ. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಭಾಷೆಯ ಆರಾಧನೆ ನಡೆಯುವುದು ಬೆಂಗಳೂರಿಗೆ ಹೊಸದಲ್ಲ, ತಪ್ಪೂ ಅಲ್ಲ. ಆದರೆ ಇಪ್ಪತ್ತು ಮನೆಗಳ ಹಳೆಯ ಕನ್ನಡ ಸಭೆಯನ್ನು ಬಡಾವಣೆಯ ಸಭೆಯೊಂದಿಗೆ ಸೇರಿಸಿ ಒಬ್ಬ ಪಾಲಕನಿಗೆ ಒಪ್ಪಿಸಿದಾಗ, ಆ ಪಾಲಕ ಯಾವ ಭಾಷೆಯಲ್ಲಿ ಉಪದೇಶಿಸಬಲ್ಲ ಎಂಬುದು ಲೆಕ್ಕಪತ್ರದ ಅಂಕಣಗಳಲ್ಲಿ ಬರುವುದಿಲ್ಲ.

ಪೌರಾಡಳಿತದ ಉದಾಹರಣೆ ಇಲ್ಲಿ ಉಪಯುಕ್ತ. ಚೋಳರ ಕಾಲದ ಶಾಸನಗಳಲ್ಲಿ ಇಲೈಪಾಕ್ಕ ನಾಡು ಎಂದು ಕಾಣಿಸಿಕೊಳ್ಳುವ ಯಲಹಂಕ 2007ರಲ್ಲಿ ತನ್ನ ನಗರಸಭೆಯನ್ನು ಕಳೆದುಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರಲ್ಲಿ ಆ ಪಾಲಿಕೆಯೇ ಐದಾಗಿ ಒಡೆದು ಯಲಹಂಕ ಉತ್ತರ ಭಾಗದ ಪಾಲಿಕೆಗೆ ಸೇರಿತು. ನೆಲದ ಘಟಕಗಳನ್ನು ಕೂಡಿಸಬಹುದು, ಮತ್ತೆ ಬಿಡಿಸಲೂಬಹುದು, ಏಕೆಂದರೆ ನೆಲ ಎಲ್ಲಿಗೂ ಹೋಗದು. ಸಭೆಯ ವಿಷಯದಲ್ಲಿ ಈ ಸೌಲಭ್ಯವಿಲ್ಲ. ಒಂದು ತಲೆಮಾರು ಬೇರೆ ಭಾಷೆಯ ಆರಾಧನೆಗೆ ಒಗ್ಗಿಕೊಂಡರೆ ಹಳೆಯ ಸಭೆಯನ್ನು ಆಜ್ಞೆಯಿಂದ ಮರಳಿ ಕಟ್ಟಲಾಗದು.

ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ದಾಖಲೆಯದು. ಇಂಗ್ಲೆಂಡಿನಲ್ಲಿ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕ ಇಡಬೇಕೆಂದು ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞಾಪಿಸಿದ. ಷೇಕ್ಸ್‌ಪಿಯರನ ಜನ್ಮದಿನಕ್ಕೆ ಲಿಖಿತ ಆಧಾರವಿಲ್ಲ. ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನದ ನಮೂದು, ಅದೂ ಸ್ಟ್ರಾಟ್‌ಫರ್ಡ್ ಚರ್ಚಿನ ಪುಸ್ತಕದಲ್ಲಿ. ಪ್ಯಾರಿಷುಗಳು ಕೂಡುತ್ತಾ ಹೋದಂತೆ ಅಲ್ಲಿ ಎಚ್ಚರಿಕೆಯೂ ಬಂತು: 1978ರ ಶಾಸನ ನೂರು ವರ್ಷ ದಾಟಿದ ಪುಸ್ತಕಗಳನ್ನು ದಾಖಲೆ ಭಂಡಾರಕ್ಕೆ ಒಪ್ಪಿಸುವ ವ್ಯವಸ್ಥೆ ಮಾಡಿತು. ಭಾರತದಲ್ಲಿ ಚಾಪ್ಲೇನರ ನಮೂದುಗಳ ಪ್ರತಿಗಳು ಮದರಾಸಿಗೂ ಅಲ್ಲಿಂದ ಲಂಡನ್ನಿಗೂ ಹೋಗುತ್ತಿದ್ದವು. ಬೆಂಗಳೂರು ದಂಡಿನ ಸಿಪಾಯಿಯೊಬ್ಬನ ಮಗುವಿನ ಹೆಸರನ್ನು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಬಹುದು. ಕನ್ನಡ ಹಳ್ಳಿಸಭೆಯ ಸ್ಥಿತಿ ಹಾಗಲ್ಲ. ಮದುವೆಗಳಿಗೆ 1872ರ ಕಾಯಿದೆಯ ಆಸರೆಯಿದೆ. ದೀಕ್ಷಾಸ್ನಾನ ಮತ್ತು ಶವಸಂಸ್ಕಾರದ ಪುಸ್ತಕಕ್ಕೆ ಆಸರೆಯೆಂದರೆ ಹಲವೆಡೆ ಆ ಸಭೆಯ ಬೀರು ಮಾತ್ರ. ಹಳ್ಳಿಯ ವ್ಯಕ್ತಿನಾಮಗಳು, ಕಸುಬಿನ ಮಾತುಗಳು, ಊರ ಹೆಸರುಗಳ ಹಳೆಯ ಬರಹರೂಪಗಳು ಇಂಥ ಪುಸ್ತಕಗಳಲ್ಲಿ ಉಳಿಯುತ್ತವೆ; ಶಾಸನಗಳಲ್ಲಿ ಸಾಮಾನ್ಯನ ಹೆಸರಿಗಾಗಿ ಕಣ್ಣು ಸವೆಸುವ ಸಂಶೋಧಕನಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ. ಪಾಲಕ ಬೇರೆ ಊರಿನ ಮನೆಗೆ ಹೋದಾಗ ಬೀರು ಎಲ್ಲಿಗೆ ಹೋಗುತ್ತದೆ?

ಒಂದೇ ಊರಿನಲ್ಲಿ ನೆಲೆನಿಂತ ಪಾದ್ರಿಯಿಂದ ಸಾಹಿತ್ಯಕ್ಕೆ ಆದ ಲಾಭವನ್ನು ಹೇಳುವಾಗ ಗಿಲ್ಬರ್ಟ್ ವೈಟನ ಹೆಸರು ಬರುವುದು ವಾಡಿಕೆ. ಸೆಲ್ಬೋರ್ನ್ ಎಂಬ ಪ್ಯಾರಿಷಿನ ಹಕ್ಕಿಪಕ್ಷಿಗಳನ್ನು ಕುರಿತ ಆತನ ಗ್ರಂಥ 1789ರದು. ಆದರೆ ಆತ ಸೆಲ್ಬೋರ್ನಿನಲ್ಲಿ ಸಹಾಯಕ ಪಾದ್ರಿ ಮಾತ್ರ. ಮೋರ್ಟನ್ ಪಿಂಕ್ನಿ ಎಂಬ ದೂರದ ಪ್ಯಾರಿಷಿನ ಸ್ಥಾನವನ್ನು ಅಲ್ಲಿ ವಾಸಿಸದೆಯೇ ಹೊಂದಿದ್ದ. ಸೆಲ್ಬೋರ್ನ್ ಪಡೆದದ್ದನ್ನು ಮೋರ್ಟನ್ ಪಿಂಕ್ನಿ ಕಳೆದುಕೊಂಡಿತು. ನೆಲೆವಾಸದ ವಾದವನ್ನು ಭಾವುಕವಾಗಿ ಮಂಡಿಸುವವರು ಈ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಕನ್ನಡದ ನಿದರ್ಶನ ಇನ್ನೂ ಸ್ಪಷ್ಟ. ಆಂಗ್ಲಿಕನ್ನನಲ್ಲದ ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ನಿಘಂಟನ್ನು ಹೊರತಂದ. ಊರಿಂದೂರಿಗೆ ಸುತ್ತುವ ಪ್ರಚಾರಕನಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಪಂಡಿತರೊಡನೆ ಕುಳಿತು ಹಸ್ತಪ್ರತಿ ಓದಲು ಬಿಡುವು ಬೇಕಿತ್ತು. ಆರು ಊರಿನ ಆರಾಧನೆಯ ವೇಳಾಪಟ್ಟಿ ಹಿಡಿದು ಓಡುವವನಿಂದ ನಿಘಂಟನ್ನಿರಲಿ, ಒಂದು ಸಭೆಯ ಚರಿತ್ರೆಯನ್ನೂ ನಿರೀಕ್ಷಿಸಲಾಗದು.

ಹಣವಿಲ್ಲ, ದೀಕ್ಷೆ ಪಡೆದವರು ಸಾಲರು ಎಂಬ ಆಡಳಿತದ ಉತ್ತರ ಸುಳ್ಳಲ್ಲ. ಹಾಗಿದ್ದರೆ ಸಂಬಳವನ್ನು, ವಾಹನವನ್ನು, ಸಮಿತಿಗಳನ್ನು ಕೂಡಿಸಲಿ. ಆರಾಧನೆಯ ಭಾಷೆಯನ್ನೂ ದಾಖಲೆಯ ಪುಸ್ತಕವನ್ನೂ ಕೂಡಿಸುವ ಅಗತ್ಯವಿಲ್ಲ. ಪ್ರತಿ ಸಭೆಯಲ್ಲಿ ಅಲ್ಲಿಯೇ ವಾಸಿಸುವ ಒಬ್ಬರಿಗೆ, ಹಳೆಯ ಉಪದೇಶಿಯ ಸ್ಥಾನವನ್ನು ಹೆಚ್ಚಿನ ಅಧಿಕಾರದೊಡನೆ ಮರಳಿ ಕೊಡಬೇಕು. ಅಲೆನ್ ಹೇಳಿದಷ್ಟು ದೂರ ಹೋಗಲು ಮನಸ್ಸಿದ್ದರೆ ದೀಕ್ಷೆಯನ್ನೂ ಕೊಡಬೇಕು. ವಿಲೀನದ ಆದೇಶಕ್ಕೆ ಸಹಿ ಬೀಳುವ ಮೊದಲು ಆ ಸಭೆಯ ಪುಸ್ತಕಗಳ ಛಾಯಾಪ್ರತಿ ತಯಾರಾಗಬೇಕು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು ಮತ್ತು ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜುಗಳಲ್ಲಿ ದಾಖಲೆ ಭಂಡಾರಗಳಿವೆ. ಯಲಹಂಕದಿಂದ ಮೊದಲನೆಯದಕ್ಕೆ ಒಂದು ಬೆಳಗಿನ ಪಯಣ ಸಾಕು. ಕನ್ನಡ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು ಚರ್ಚಿನ ಆಡಳಿತ ಎಚ್ಚರಗೊಳ್ಳುವವರೆಗೆ ಕಾಯದೆ, ಆಯಾ ಸಭೆಯ ಹಿರಿಯರ ಅನುಮತಿ ಪಡೆದು, ದೊಡ್ಡಬಳ್ಳಾಪುರದಿಂದ ಹೆಬ್ಬಾಳದವರೆಗಿನ ಬೀರುಗಳಲ್ಲಿ ಏನಿದೆ ಎಂಬ ಪಟ್ಟಿಯನ್ನು ಈಗಲೇ ಆರಂಭಿಸಬಹುದು.